ಅಕ್ಕನಿಗೊಂದು ಪತ್ರ: ಶಿಲುಬೆಯ ಬುಡದಲ್ಲಿ ನಿಂತ ತಾಯಿ

ಸೆಪ್ಟೆಂಬರ್ 15 ವ್ಯಾಕುಲ ಮಾತೆಯ ಹಬ್ಬ, ಅಂದರೆ ಮಗ ಯೇಸುವಿಗಾಗಿ ದುಃಖಪಟ್ಟ ಮರಿಯಮ್ಮನ ಹಬ್ಬ. ಅದಕ್ಕೋ ಏನೋ, ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಆ ತಾಯಿಯ ಸುತ್ತಲೇ ಇವೆ. ಬೇರೆ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ. ಮೊದಲನೆಯ ಪತ್ರಕ್ಕೆ ಜಾಸ್ತಿ ಜಾಗ ಬೇಕಾಯಿತು. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಅಕ್ಕಾ, ನನ್ನ ಮಗ ಹೋಗಿ ಒಂಬತ್ತು ತಿಂಗಳಾಯಿತು. ಅವನಿಗೆ 21 ವರ್ಷ. ನರಸಾಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ರಾತ್ರಿ ಪಾಳಿಗೆ ಹೋಗುವಾಗ ಹೈವೇಯಲ್ಲಿ ಅವನ ಬೈಕಿಗೆ ಲಾರಿ ಗುದ್ದಿತು. ಆಮೇಲೆ ಠಾಣೆಯಲ್ಲಿ ಅವನ ಬ್ಯಾಗು ಕೊಟ್ಟರು. ನಾನು ಕಟ್ಟಿಕೊಟ್ಟ ಚಿತ್ರಾನ್ನ ಡಬ್ಬಿಯಲ್ಲಿ ಹಾಗೇ ಇತ್ತು. ನಾವು ಕಥೋಲಿಕರು. ದಿನಾ ಸಂಜೆ ಜಪಸರ ಹೇಳುವ ಮನೆ ನಮ್ಮದು. ಈಗ ನನ್ನಿಂದ ಆಗುತ್ತಿಲ್ಲ. ‘ಉದರದ ಫಲ’ ಅನ್ನುವ ಮಾತು ಬಂದ ಕೂಡಲೇ ಗಂಟಲು ಕಟ್ಟುತ್ತದೆ. ಪ್ರಾರ್ಥನೆ ಕೂಟದವರು ಮನೆಗೆ ಬಂದು, ‘ಅಳಬೇಡಮ್ಮ, ಇಷ್ಟೊಂದು ಅತ್ತರೆ ದೇವರ ಮೇಲೆ ನಂಬಿಕೆ ಇಲ್ಲ ಅಂತಾಗುತ್ತೆ’ ಅಂದರು. ಮೊನ್ನೆ ರಾತ್ರಿ ಮಾತೆಯ ಪಟದ ಮುಂದೆ ನಿಂತು, ‘ನಿನಗೂ ಮಗ ಇದ್ದನಲ್ಲ, ಯಾಕೆ ನನ್ನ ಮಗನನ್ನ ಕಾಯಲಿಲ್ಲ’ ಅಂತ ಕೂಗಿಬಿಟ್ಟೆ. ಅದು ಪಾಪವಾ ಅಕ್ಕಾ?
*– ಒಬ್ಬ ತಾಯಿ, ಬಂಗಾರಪೇಟೆ ತಾಲ್ಲೂಕು*

ತಂಗೀ, ಪಾಪವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಭಯದಲ್ಲಿ ನೀವು ಇನ್ನೂ ಒಂದು ರಾತ್ರಿ ಕಳೆಯಬಾರದು.

ಮನೆಯಲ್ಲಿ ಬೈಬಲ್ ಇರುತ್ತಲ್ಲ. ಲೂಕನ ಶುಭಸಂದೇಶದ 2ನೇ ಅಧ್ಯಾಯ, 48ನೇ ವಚನ ತೆಗೆದು ನೋಡಿ. ಯೇಸುವಿಗೆ ಆಗ 12 ವರ್ಷ. ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಹೋದವರು ವಾಪಸು ಬರುವಾಗ ಹುಡುಗ ಕಾಣುತ್ತಿಲ್ಲ. ತಂದೆ ತಾಯಿ ನೆಂಟರಲ್ಲಿ ಹುಡುಕಿದರು, ಸಿಗಲಿಲ್ಲ. ತಿರುಗಿ ಜೆರುಸಲೇಮಿಗೆ ಹೋದರು. ಮೂರು ದಿನದ ಮೇಲೆ ದೇವಾಲಯದಲ್ಲಿ ಸಿಕ್ಕ. ಆಗ ಆ ತಾಯಿ ಏನಂದಳು? ಮಗನೇ, ಯಾಕೆ ನಮಗೆ ಹೀಗೆ ಮಾಡಿದೆ, ನಿನ್ನ ತಂದೆ ಮತ್ತು ನಾನು ಎಷ್ಟು ಕಳವಳದಿಂದ ಹುಡುಕಿದೆವು ಅಂದಳು. ನೀವು ಪಟದ ಮುಂದೆ ಕೇಳಿದಿರಲ್ಲ, ಆ ‘ಯಾಕೆ’ಯನ್ನು ಅವಳೂ ಕೇಳಿದ್ದಾಳೆ. ಅದೂ ದೇವರ ಮಗನ ಎದುರಿಗೇ ನಿಂತು. ಅವನು ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲ ಅಂತ 50ನೇ ವಚನದಲ್ಲಿ ಬರೆದಿದೆ. ಮಾತೆ ಮರಿಯಮ್ಮನಿಗೇ ಅರ್ಥವಾಗಲಿಲ್ಲ, ತಂಗೀ. ನಿಮಗೆ ಅರ್ಥವಾಗಬೇಕು ಅಂತ ಯಾರು ಒತ್ತಾಯ ಮಾಡುವುದಕ್ಕಾಗುತ್ತೆ?

ಇನ್ನು ಅಳುವ ವಿಚಾರ. ಸತ್ತ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸುವೇ ಅತ್ತರು. ಇನ್ನೊಂದು ಗಳಿಗೆಗೆ ಅವನನ್ನು ಎಬ್ಬಿಸುತ್ತೇನೆ ಅಂತ ಅವರಿಗೆ ಗೊತ್ತಿತ್ತು. ಆದರೂ ಅತ್ತರು. ಕೂಟದವರು ಒಳ್ಳೆಯ ಮನಸ್ಸಿನಿಂದಲೇ ಬಂದಿರುತ್ತಾರೆ. ಮುಂದಿನ ಸಲ ಬಂದಾಗ, ‘ಅಮ್ಮ, ಮಾತು ಬೇಡ, ಸುಮ್ನೆ ನನ್ನ ಜೊತೆ ಸ್ವಲ್ಪ ಹೊತ್ತು ಕೂತಿರಿ’ ಅಂತ ಕೇಳಿ ನೋಡಿ.

ಈಗ ನನ್ನ ಅಮ್ಮನ ಬಗ್ಗೆ ಹೇಳಬೇಕು. ಯಾಕೆಂದರೆ ವ್ಯಾಕುಲ ಮಾತೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಬಂದಿದ್ದು ಆಕೆಯಿಂದ.

ನಾನು ಹುಟ್ಟಿ ಬೆಳೆದಿದ್ದು ಕೆಜಿಎಫ್‌ನಲ್ಲಿ, ಗಣಿ ಕೆಲಸಗಾರರ ಲೈನ್ ಮನೆಯಲ್ಲಿ. ನಮ್ಮ ಮನೆ ಮಾತು ತಮಿಳು. ಅಪ್ಪನೂ ಅಣ್ಣನೂ ಭೂಮಿಯ ಒಳಗೆ ಕೆಲಸ ಮಾಡುತ್ತಿದ್ದರು. ಆ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದವು. ಅಷ್ಟು ಆಳದಲ್ಲಿ ಅದಿರು ತೆಗೆದು ಜಾಗ ಖಾಲಿ ಮಾಡಿದರೆ ಸುತ್ತಲಿನ ಬಂಡೆ ಮೇಲಿನ ಭಾರ ತಡೆಯದೆ ಒಮ್ಮೆಗೇ ಸಿಡಿಯುತ್ತಿತ್ತು. ನಾವು ಅದನ್ನು ಏರ್‌ಬ್ಲಾಸ್ಟ್ ಅನ್ನುತ್ತಿದ್ದೆವು. ಮೇಲೆ ಮನೆಯಲ್ಲಿ ಗೂಡಿನ ಪಾತ್ರೆಗಳು ಗಲಗಲ ಅಲುಗಾಡುತ್ತಿದ್ದವು. ಆಗ ಇಡೀ ಲೈನಿನ ಹೆಂಗಸರು ಒಲೆ ಮೇಲಿದ್ದುದನ್ನು ಹಾಗೇ ಬಿಟ್ಟು ಹೊರಗೆ ಬಂದು, ಶಾಫ್ಟಿನ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಯಾರ ಬಾಯಲ್ಲೂ ಮಾತಿರುತ್ತಿರಲಿಲ್ಲ.

1974ರಲ್ಲಿ ಒಂದು ಮಧ್ಯಾಹ್ನ ಹಾಗೆ ನಿಂತಿದ್ದ ಅಮ್ಮನ ಹತ್ತಿರ ಇಬ್ಬರು ಗಂಡಸರು ನಡೆದು ಬಂದರು. ನನ್ನ ಅಣ್ಣನಿಗೆ ಆಗ 23 ವರ್ಷ, ನನಗೆ 14. ಅವನು ಇದ್ದ ಜಾಗಕ್ಕೆ ತಲುಪಲು ಕಲ್ಲು ಸರಿಸಬೇಕಿತ್ತು. ಎರಡು ದಿನ ಹಿಡಿಯಿತು. ಆ ಎರಡು ದಿನ ಅಮ್ಮ ಗೇಟಿನ ಹತ್ತಿರವೇ ಇದ್ದಳು. ಕೂರು ಅಂದರೆ ಕೂರಲಿಲ್ಲ.

ಮಣ್ಣು ಮಾಡಿದ ಮೇಲೆ ಅಮ್ಮನೂ ನಿಮ್ಮ ಹಾಗೇ ಜಪಸರ ಬಿಟ್ಟಳು. ಕೈಗೆ ತೆಗೆದುಕೊಳ್ಳುತ್ತಿದ್ದಳು, ಇಟ್ಟುಬಿಡುತ್ತಿದ್ದಳು. ನಮ್ಮ ಪಕ್ಕದ ಮನೆಯಲ್ಲಿ ತೆಲುಗು ಮಾತಾಡುವ ಒಬ್ಬ ಅಜ್ಜಿ ಇದ್ದರು. ಚರ್ಚಿಗೆ ಬರುವವರಲ್ಲ. ದಿನಾ ಮಧ್ಯಾಹ್ನ ಬಂದು ನಮ್ಮ ಹೊಸ್ತಿಲ ಹತ್ತಿರ ಕೂತು, ಮೊರದಲ್ಲಿ ನಮ್ಮ ಅಕ್ಕಿ ಹಾಕಿಕೊಂಡು ಕಲ್ಲು ಆರಿಸಿ, ಎದ್ದು ಹೋಗುತ್ತಿದ್ದರು. ಹೆಚ್ಚುಕಡಿಮೆ ಒಂದು ತಿಂಗಳು ಬಂದರು. ದೇವರ ಇಚ್ಛೆ ಅಂತಾಗಲಿ, ಹಣೆಬರಹ ಅಂತಾಗಲಿ ಒಂದು ಮಾತು ಆಡಲಿಲ್ಲ. ಅವರು ಆರಿಸಿಟ್ಟ ಅಕ್ಕಿಯಲ್ಲೇ ಅಮ್ಮ ಮತ್ತೆ ಒಲೆ ಹಚ್ಚಿದ್ದು.

ಆಮೇಲೆ ಒಂದು ಶುಕ್ರವಾರ ಅಮ್ಮ ಹೂ ಕಟ್ಟುವ ದಾರ ತೆಗೆದುಕೊಂಡು ಗಂಟು ಹಾಕುತ್ತಾ ಕೂತಳು. ಏಳು ಗಂಟು, ಸ್ವಲ್ಪ ಜಾಗ, ಮತ್ತೆ ಏಳು ಗಂಟು. ಹೀಗೆ ಏಳು ಸಲ. ವ್ಯಾಕುಲ ಮಾತೆಯ ಜಪಸರ ಹಾಗೇ ಇರುತ್ತದೆ. ನಾವು ದಿನಾ ಹೇಳುವುದರಲ್ಲಿ ಹತ್ತು ಹತ್ತು ಮಣಿ, ಇದರಲ್ಲಿ ಏಳು ಏಳು. ಒಂದೊಂದು ಏಳಕ್ಕೆ ಆ ತಾಯಿಯ ಒಂದೊಂದು ದುಃಖ. ಪ್ರತಿಯೊಂದಕ್ಕೂ ಮೊದಲು ಒಂದು ಪರಲೋಕ ಮಂತ್ರ, ಆಮೇಲೆ ಏಳು ನಮೋ ಮರಿಯ. ಕೊನೆಯಲ್ಲಿ ಅವಳ ಕಣ್ಣೀರಿನ ನೆನಪಿಗೆ ಇನ್ನೂ ಮೂರು. ಅಂಥ ಮಣಿಸರ ಕೊಳ್ಳಲು ನಮ್ಮ ಹತ್ತಿರ ದುಡ್ಡಿರಲಿಲ್ಲ. ದಾರವೇ ಸಾಕಾಯಿತು.

ಅಮ್ಮ ಆ ಮಾತೆಯನ್ನು ‘ವ್ಯಾಗುಲ ಮಾದಾ’ ಅನ್ನುತ್ತಿದ್ದಳು. ಶುಕ್ರವಾರ ಸಂಜೆ ಅಡುಗೆ ಮುಗಿಸಿ ಬಾಗಿಲಲ್ಲಿ ಕೂತು ದಾರ ಹಿಡಿಯುತ್ತಿದ್ದಳು. ಮೊದಲ ಏಳು, ಎರಡನೇ ಏಳು ಆಗುತ್ತಿತ್ತು. ಮೂರನೆಯದಕ್ಕೆ ಬಂದು ನಿಂತುಬಿಡುತ್ತಿದ್ದಳು. ಮೂರನೆಯ ದುಃಖ ಅಂದರೆ ಈಗ ಹೇಳಿದೆನಲ್ಲ, ಮಗ ಕಾಣೆಯಾಗಿ ಮೂರು ದಿನ ಹುಡುಕಿದ್ದು. ಕೆಲವು ಶುಕ್ರವಾರ ಅಪ್ಪ ಪಾಳಿ ಮುಗಿಸಿ ಬರುವವರೆಗೂ ಅದೇ ಗಂಟು ಬೆರಳಲ್ಲಿ ಇರುತ್ತಿತ್ತು. ತುಟಿ ಅಲ್ಲಾಡುತ್ತಿರಲಿಲ್ಲ. ಒಂದು ಸಲ ನಾನು, ‘ಯಾಕಮ್ಮಾ, ಮುಂದಕ್ಕೆ ಹೋಗು’ ಅಂದೆ. ಅಮ್ಮ ಹೇಳಿದಳು, ‘ಅವಳು ಇಲ್ಲೇ ಇದ್ದಾಳೆ ಕಣೇ. ಅವಳನ್ನ ಬಿಟ್ಟು ನಾನೊಬ್ಬಳೇ ಮುಂದೆ ಹೋಗಿ ಏನು ಮಾಡಲಿ?’

ನನಗೆ ಆಗ ಅರ್ಥವಾಗಲಿಲ್ಲ. ಆಮೇಲೆ ನಾನು ನರ್ಸ್ ಆದೆ. 36 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದೆ. ತೀರಾ ಕಾಯಿಲೆಯಾದ ಮಗುವಿನ ಮಂಚದ ಪಕ್ಕ ಸ್ಟೂಲ್ ಹಾಕಿರುತ್ತೇವೆ. ಆದರೆ ತಾಯಂದಿರು ಅದರಲ್ಲಿ ಕೂರುವುದಿಲ್ಲ. ಮಂಚದ ಕಾಲು ತುದಿಯ ಕಬ್ಬಿಣದ ಸರಳು ಹಿಡಿದುಕೊಂಡು ನಿಂತಿರುತ್ತಾರೆ. ರಾತ್ರಿ ಎರಡು ಗಂಟೆಗೆ ರೌಂಡ್ಸಿಗೆ ಹೋದರೂ ನಿಂತೇ ಇರುತ್ತಾರೆ. ಅವರಿಗೆ ಮಾಡಲು ಏನೂ ಇಲ್ಲ. ಡ್ರಿಪ್ ನಾವು ನೋಡಿಕೊಳ್ಳುತ್ತೇವೆ, ಔಷಧಿ ಡಾಕ್ಟರು ನೋಡಿಕೊಳ್ಳುತ್ತಾರೆ. ಅವರು ಸುಮ್ನೆ ನಿಂತಿರುತ್ತಾರೆ. ಒಂದು ಶುಭ ಶುಕ್ರವಾರ ಡ್ಯೂಟಿ ಮುಗಿಸಿ ಹಾಗೇ ಚರ್ಚಿಗೆ ಹೋಗಿದ್ದೆ. ಯೇಸುವಿನ ಶಿಲುಬೆಯ ಬಳಿ ಅವರ ತಾಯಿ ನಿಂತಿದ್ದಳು ಅಂತ ಯೊವಾನ್ನನ ಶುಭಸಂದೇಶದಿಂದ ಓದಿದರು. ನಿಂತಿದ್ದಳು, ಅಷ್ಟೇ. ಅಲ್ಲಿ ಅವಳ ಬಾಯಿಂದ ಒಂದು ಮಾತೂ ಬರುವುದಿಲ್ಲ. ಪ್ರಾರ್ಥನೆ ಹೇಳಿದಳು ಅಂತಲೂ ಬರೆದಿಲ್ಲ. ನನಗೆ ನನ್ನ ವಾರ್ಡಿನ ತಾಯಂದಿರು ಕಂಡರು. ಗಣಿ ಗೇಟಿನ ಹತ್ತಿರ ಎರಡು ದಿನ ನಿಂತ ಅಮ್ಮ ಕಂಡಳು. ಅವತ್ತು ಚರ್ಚಿನಲ್ಲಿ ಕೂತು ತುಂಬಾ ಅತ್ತೆ.

ಅದಕ್ಕೇ ಹೇಳುತ್ತೇನೆ ತಂಗೀ, ಈ ಮಾತೆಯ ಹತ್ತಿರ ಹೋಗಲು ನಿಮಗೆ ಜಪ ಬರಬೇಕಿಲ್ಲ. ‘ಉದರದ ಫಲ’ದ ಹತ್ತಿರ ಗಂಟಲು ಕಟ್ಟಿದರೆ ಅಲ್ಲೇ ನಿಲ್ಲಿ. ಆ ಮಾತನ್ನು ದಾಟಲೇಬೇಕು ಅಂತ ಯಾರೂ ಹೇಳಿಲ್ಲ. ಏಳು ದುಃಖಗಳಲ್ಲಿ ಆರನೆಯದು, ಮಗನ ಮೈಯನ್ನು ಶಿಲುಬೆಯಿಂದ ಇಳಿಸಿ ತಾಯಿಯ ಮಡಿಲಿಗೆ ಕೊಟ್ಟಿದ್ದು. ನಿಮಗೆ ಠಾಣೆಯಲ್ಲಿ ಆ ಡಬ್ಬಿ ಕೊಟ್ಟರಲ್ಲ, ಅದನ್ನು ಹಿಡಿದುಕೊಂಡು ನಿಂತ ಗಳಿಗೆ ನಿಮ್ಮ ಆರನೆಯ ಗಂಟು ಅಂತ ನನಗೆ ಅನ್ನಿಸುತ್ತದೆ. ಶುಕ್ರವಾರ ಆ ಡಬ್ಬಿಯನ್ನೇ ಮಡಿಲಲ್ಲಿ ಇಟ್ಟುಕೊಂಡು ಪಟದ ಮುಂದೆ ಕೂರಿ. ಬಾಯಿ ತೆರೆಯಬೇಡಿ. ಕೂಗಬೇಕು ಅನ್ನಿಸಿದರೆ ಕೂಗಿ, ಅವಳಿಗೆ ಅದು ಹೊಸದಲ್ಲ.

ನರ್ಸ್ ಆಗಿ ಒಂದು ಮಾತು. ಪತ್ರದಲ್ಲಿ ನೀವು ನಿದ್ದೆ, ಊಟದ ಬಗ್ಗೆ ಬರೆದಿಲ್ಲ. ರಾತ್ರಿಯೆಲ್ಲ ಎಚ್ಚರ, ತುತ್ತು ಇಳಿಯುತ್ತಿಲ್ಲ, ನಾನೂ ಹೋಗಿಬಿಡಬೇಕು ಅನ್ನಿಸುತ್ತಿದೆ ಅಂತಾದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ ಮನಸ್ಸಿನ ಡಾಕ್ಟರನ್ನು ನೋಡಿ. ಸರ್ಕಾರದ ಟೆಲಿ ಮನಸ್ ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಾತೆಯ ಹತ್ತಿರ ಹೋಗುವವರು ಡಾಕ್ಟರ ಹತ್ತಿರ ಹೋಗಬಾರದು ಅಂತ ಎಲ್ಲೂ ಇಲ್ಲ.

ಇನ್ನೊಂದು. ಶಿಲುಬೆಯ ಮೇಲಿಂದ ಯೇಸು ತಾಯಿಯನ್ನು ತನ್ನ ಶಿಷ್ಯನಿಗೆ ಒಪ್ಪಿಸಿದರು. ಆ ಗಳಿಗೆಯಿಂದ ಅವನು ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಮಗ ಸತ್ತ ಸಂಜೆ ಅವಳು ಒಬ್ಬಳೇ ಮನೆಗೆ ಹೋಗಲಿಲ್ಲ. ನಿಮ್ಮ ಮಗನ ಸ್ನೇಹಿತರು ಯಾರಾದರೂ ಬಂದು ಹೋಗುತ್ತಿದ್ದಾರಾ? ಬಂದರೆ ಕಾಫಿ ಕೊಡಿ, ಊಟಕ್ಕೆ ನಿಲ್ಲಿಸಿ. ಅವರೂ ನಿಮ್ಮನ್ನು ನೋಡಲು ಹೆದರುತ್ತಿರುತ್ತಾರೆ.

ನನಗೆ ಮತ್ತೆ ಬರೆಯಿರಿ. ಬರೆಯಲೇಬೇಕು.

ಅಕ್ಕ, ನಾನು ತುಮಕೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದೇನೆ. ಊರಿಂದ ಬರುವಾಗ ಅಜ್ಜಿ ವ್ಯಾಕುಲ ಮಾತೆಯ ಚಿಕ್ಕ ಪಟ ಕೊಟ್ಟಿದ್ದರು. ಎದೆಗೆ ಏಳು ಕತ್ತಿ ಚುಚ್ಚಿರುವ ಪಟ. ರೂಮಿನಲ್ಲಿರುವ ಗೆಳತಿ, ‘ಇದೇನೇ ಇಷ್ಟು ಭಯಂಕರವಾಗಿದೆ, ಯಾರು ಚುಚ್ಚಿದ್ದು’ ಅಂತ ಕೇಳಿದಳು. ನನಗೆ ಹೇಳಲು ಬರಲಿಲ್ಲ. ಇದು ಬೈಬಲಿನಲ್ಲಿ ಇದೆಯಾ?
*– ಒಬ್ಬ ವಿದ್ಯಾರ್ಥಿನಿ, ತುಮಕೂರು*

ಮಗಳೇ, ಬೈಬಲಿನಲ್ಲಿ ಇರುವುದು ಒಂದೇ ಕತ್ತಿ. ಅದೂ ಮಾತಿನಲ್ಲಿ. ಎಳೆಗೂಸು ಯೇಸುವನ್ನು ದೇವಾಲಯಕ್ಕೆ ತಂದಾಗ ಸಿಮೆಯೋನ ಅನ್ನುವ ಮುದುಕ ಮಗುವನ್ನು ಎತ್ತಿಕೊಂಡು ದೇವರನ್ನು ಹೊಗಳಿದ. ಆಮೇಲೆ ತಾಯಿಯ ಕಡೆ ತಿರುಗಿ, ನಿನ್ನ ಜೀವವನ್ನೂ ಒಂದು ಕತ್ತಿ ತೂರಿಹೋಗುತ್ತದೆ ಅಂದ. ಯೋಚನೆ ಮಾಡು. ಬಾಣಂತನ ಮುಗಿಸಿ, ಬಡವರು ಕೊಡುವ ಜೋಡಿ ಹಕ್ಕಿ ಕಾಣಿಕೆ ತಂದ ಹುಡುಗಿ ಅವಳು. ಮಗುವಿಗೆ ಆಶೀರ್ವಾದ ಕೇಳಲು ಬಂದವಳಿಗೆ ಆ ಮಾತು ಸಿಕ್ಕಿತು. ಏಳು ದುಃಖಗಳಲ್ಲಿ ಅದೇ ಮೊದಲನೆಯದು.

ಎರಡನೆಯದು ರಾಜ ಹೆರೋದನಿಗೆ ಹೆದರಿ ಕೂಸನ್ನು ಎತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಓಡಿದ್ದು. ಮೂರನೆಯದು ಮೇಲಿನ ಪತ್ರಕ್ಕೆ ಬರೆದಿದ್ದೇನೆ, ಓದಿಕೋ. ನಾಲ್ಕನೆಯದು ಶಿಲುಬೆ ಹೊತ್ತ ಮಗನನ್ನು ದಾರಿಯಲ್ಲಿ ಕಂಡಿದ್ದು, ಐದನೆಯದು ಶಿಲುಬೆಯ ಬುಡದಲ್ಲಿ ನಿಂತಿದ್ದು, ಆರನೆಯದು ಮೈಯನ್ನು ಮಡಿಲಿಗೆ ತೆಗೆದುಕೊಂಡಿದ್ದು, ಏಳನೆಯದು ಸಮಾಧಿ. ಇವುಗಳಲ್ಲಿ ದಾರಿಯ ಭೇಟಿಯೂ ಮಡಿಲಿನ ದೃಶ್ಯವೂ ಬೈಬಲಿನಲ್ಲಿ ಬರೆದಿಲ್ಲ. ಸಮಾಧಿ ಮಾಡಿದ್ದು ಬರೆದಿದೆ, ಆದರೆ ಅಲ್ಲಿ ತಾಯಿಯ ಹೆಸರಿಲ್ಲ. ಗೆಳತಿ ಕೇಳಿದರೆ ಇದನ್ನು ಮುಚ್ಚಿಡಬೇಡ. ಮಗನ ಶಿಲುಬೆಯ ಹತ್ತಿರವೇ ನಿಂತಿದ್ದ ತಾಯಿ ಅವನನ್ನು ಮಣ್ಣು ಮಾಡುವಾಗ ಎಲ್ಲಿಗೆ ಹೋಗಿರುತ್ತಾಳೆ ಅಂತ ಜನ ತಮ್ಮ ಮನೆಯ ಸಾವುಗಳನ್ನು ನೋಡಿ ತಿಳಿದುಕೊಂಡರು. ಯೇಸುವಿನ ಕೊನೆಯ ನಡಿಗೆಯನ್ನು ನೆನೆಯುವ ಶಿಲುಬೆ ಹಾದಿ ಪ್ರಾರ್ಥನೆಯ 14 ನಿಲ್ದಾಣಗಳಲ್ಲಿ ನಾಲ್ಕನೆಯದೂ ಹದಿಮೂರನೆಯದೂ ಹಾಗೆ ಬಂದಿದ್ದೇ.

ಈ ಭಕ್ತಿಯನ್ನು ಊರೂರಿಗೆ ಹರಡಿದ್ದು ಇಟಲಿಯ ಫ್ಲಾರೆನ್ಸ್‌ನಲ್ಲಿ 1233ರಲ್ಲಿ ಏಳು ಜನ ಸೇರಿ ಶುರು ಮಾಡಿದ ಒಂದು ಸನ್ಯಾಸಿ ಸಭೆ. ಮಾತೆಯ ಸೇವಕರು ಅಂತ ಅವರ ಹೆಸರು. ಹಬ್ಬವನ್ನು ಇಡೀ ಕಥೋಲಿಕ ಧರ್ಮಸಭೆಗೆ ವಿಸ್ತರಿಸಿದವರು ಏಳನೇ ಪಯಸ್ ಪೋಪ್, 1814ರಲ್ಲಿ. ನನಗೆ ಈ ವರ್ಷ ಯಾವಾಗಲೂ ನೆನಪಿರುತ್ತದೆ. ಯಾಕೆಂದರೆ ಆ ಪೋಪರನ್ನು ನೆಪೋಲಿಯನ್ನನ ಸೈನ್ಯ 1809ರಲ್ಲಿ ಹಿಡಿದುಕೊಂಡು ಹೋಗಿತ್ತು. ಅವರು ಸೆರೆಯಿಂದ ಬಿಡುಗಡೆಯಾಗಿ ರೋಮಿಗೆ ವಾಪಸು ಬಂದ ವರ್ಷ ಅದು. ಸೆರೆಯಿಂದ ಬಂದ ಮುದುಕ ಎಲ್ಲರಿಗೂ ಹಂಚಿದ ಹಬ್ಬ. ಸೆಪ್ಟೆಂಬರ್ 15 ಅಂತ ದಿನ ಗೊತ್ತಾಗಿದ್ದು 1913ರಲ್ಲಿ. ಹಿಂದಿನ ದಿನ, 14ಕ್ಕೆ, ಪವಿತ್ರ ಶಿಲುಬೆಯ ಹಬ್ಬ. ಮಗನ ಶಿಲುಬೆಯ ಬೆನ್ನಿಗೇ ತಾಯಿಯ ದುಃಖ.

ಪಟ ನೋಡಿ ಭಯವಾದರೆ ಕತ್ತಿಯನ್ನು ಬಿಟ್ಟು ಮುಖ ನೋಡು. ಚೆನ್ನಾಗಿ ಬರೆದ ಪಟಗಳಲ್ಲಿ ಅವಳ ಕಣ್ಣಲ್ಲಿ ಸಿಟ್ಟು ಇರುವುದಿಲ್ಲ. ಅಜ್ಜಿ ಯಾಕೆ ಅದೇ ಪಟ ಕೊಟ್ಟರು ಅಂತ ಈ ಸಲ ಊರಿಗೆ ಹೋದಾಗ ಕೇಳು. ಅಜ್ಜಿಯ ಹತ್ತಿರ ಏನೋ ಇದೆ, ಕೇಳದೆ ಬಿಡಬೇಡ.

ಮೇಡಂ, ನಾವು ಹಿಂದೂಗಳು. ರೇಷ್ಮೆ ನೂಲು ತೆಗೆಯುವ ಮನೆ. ನನ್ನ ತಾಯಿಗೆ ಕ್ಯಾನ್ಸರ್, ಬೆಂಗಳೂರಿಗೆ ಕರೆದುಕೊಂಡು ಹೋಗಿ ಬರುತ್ತಿದ್ದೇವೆ. ಪಕ್ಕದ ಮನೆಯವರು ಒಂದು ದಿನ ಅವರ ಚರ್ಚಿಗೆ ಕರೆದುಕೊಂಡು ಹೋದರು. ಅಲ್ಲಿ ಸತ್ತ ಮಗನನ್ನು ತೊಡೆ ಮೇಲೆ ಹಾಕಿಕೊಂಡ ತಾಯಿಯ ಮೂರ್ತಿ ಇತ್ತು. ಮೇಣದ ಬತ್ತಿ ಹಚ್ಚಿ ತುಂಬಾ ಹೊತ್ತು ಕೂತೆ. ಎಷ್ಟೋ ದಿನದ ಮೇಲೆ ಎದೆ ಹಗುರವಾಯಿತು. ಮತ್ತೆ ಹೋಗಬಹುದಾ? ನಮ್ಮ ಮನೆದೇವರಿಗೆ ದ್ರೋಹ ಮಾಡಿದ ಹಾಗಾಗುತ್ತಾ?
*– ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ*

ಹೋಗಿ ತಂಗೀ. ಬಾಗಿಲಲ್ಲಿ ಯಾರೂ ಜಾತಿ ಕೇಳುವುದಿಲ್ಲ. ಬೆಂಗಳೂರಿನ ಶಿವಾಜಿನಗರದಲ್ಲಿ ಮಾತೆ ಮರಿಯಮ್ಮನ ಬೆಸಿಲಿಕಾ ಇದೆ. ಅಲ್ಲಿ ಮಾತೆಗೆ ಸೀರೆ ಉಡಿಸುತ್ತಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಕುಂಕುಮ ಇಟ್ಟವರು, ಬುರ್ಖಾ ಹಾಕಿದವರು, ಎಲ್ಲರೂ ಒಂದೇ ಸಾಲಿನಲ್ಲಿ ಬತ್ತಿ ಹಿಡಿದು ನಿಂತಿರುತ್ತಾರೆ. ಪೂಜೆಯ ಕೊನೆಯಲ್ಲಿ ಕೊಡುವ ಪರಮಪ್ರಸಾದ ಮಾತ್ರ ದೀಕ್ಷಾಸ್ನಾನ ಪಡೆದವರಿಗೆ. ಆ ಹೊತ್ತಿನಲ್ಲಿ ನೀವು ಕೂತಲ್ಲೇ ಕೂತಿದ್ದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ.

ಮನೆದೇವರನ್ನು ಬಿಡಿ ಅಂತ ನಾನು ಹೇಳುವುದಿಲ್ಲ, ಅದಕ್ಕಾಗಿ ಈ ಅಂಕಣವೂ ಅಲ್ಲ. ನಿಮ್ಮ ತಾಯಿಗೋಸ್ಕರ ನೀವು ಅತ್ತ ಕಣ್ಣೀರಿನಿಂದ ಯಾವ ದೇವರಿಗೂ ಬೇಜಾರಾಗುವುದಿಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ನೀವು ನೋಡಿದ ಆ ಥರದ ಮೂರ್ತಿಗಳಲ್ಲಿ ಜಗತ್ತಿಗೆಲ್ಲ ಗೊತ್ತಿರುವುದು ರೋಮಿನ ಸಂತ ಪೇತ್ರರ ದೇವಾಲಯದಲ್ಲಿದೆ. ಮೈಕೆಲೇಂಜಲೊ ಅದನ್ನು ಕೆತ್ತಿ ಮುಗಿಸಿದ್ದು 1499ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ. ಅದರಲ್ಲಿ ತಾಯಿಯ ಮುಖ ಮಗನ ಮುಖಕ್ಕಿಂತ ಎಳೆಯದಾಗಿದೆ. ಯಾಕೆ ಹಾಗೆ ಅಂತ ಜನ ಏನೇನೋ ಹೇಳುತ್ತಾರೆ. ನನಗೆ ಫೋಟೋದಲ್ಲಿ ನೋಡಿದಾಗೆಲ್ಲ ಅನ್ನಿಸುವುದು ಇಷ್ಟು: ಅವಳ ತೋಳಿಗೆ ಆ ಮಗ ಇನ್ನೂ ಕೂಸೇ. ನೀವು ಈಗ ನಿಮ್ಮ ತಾಯಿಯನ್ನು ಕೂಸಿನ ಹಾಗೆ ಎತ್ತಿ ಕೂರಿಸಿ ಊಟ ಮಾಡಿಸುತ್ತಿರಬಹುದು. ಆ ಮೂರ್ತಿಯ ಮುಂದೆ ನಿಮ್ಮ ಎದೆ ಹಗುರವಾಗಿದ್ದು ನನಗೆ ಆಶ್ಚರ್ಯವಲ್ಲ. ಪಕ್ಕದ ಮನೆಯವರಿಗೆ ನನ್ನ ವಂದನೆ ತಿಳಿಸಿ.

ಅಕ್ಕಾ, ನಾನು ಟೊಮೇಟೊ ಬೆಳೆಯುವವನು. 16 ವರ್ಷದ ಮಗಳು ಹೃದಯದ ಕಾಯಿಲೆಯಿಂದ ಫೆಬ್ರವರಿಯಲ್ಲಿ ತೀರಿಕೊಂಡಳು. ಹೆಂಡತಿ ವ್ಯಾಕುಲ ಮಾತೆಯ ಮುಂದೆ ಕೂತು ಅಳುತ್ತಾಳೆ, ಅವಳಿಗೆ ಸ್ವಲ್ಪ ಸಮಾಧಾನ ಆಗುತ್ತೆ. ನನಗೆ ಅಳುವೇ ಬರಲ್ಲ. ಆ ತಾಯಿ ಹೆಂಗಸರ ಕಷ್ಟಕ್ಕೆ ಮಾತ್ರ ಅನ್ನಿಸುತ್ತೆ. ‘ನಿಮ್ಮದು ಕಲ್ಲು ಮನಸ್ಸು’ ಅಂತ ಹೆಂಡತಿ ಒಂದು ಸಲ ಅಂದುಬಿಟ್ಟಳು. ಮಗಳ ಸಮಾಧಿ ಸುತ್ತ ಮಳೆಗೆ ಹುಲ್ಲು ಬೆಳೆದಿದೆ, ಅಲ್ಲಿಗೆ ಹೋಗಲೂ ಕಾಲು ಬರುತ್ತಿಲ್ಲ.
*– ಮುಳಬಾಗಿಲು ತಾಲ್ಲೂಕು*

ತಮ್ಮಾ, ಹೆಂಡತಿಯ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅದು ದುಃಖದ ಬಾಯಿಂದ ಬಂದ ಮಾತು.

ನಿಮಗೆ ಮೂರು ಗಂಡಸರನ್ನು ತೋರಿಸುತ್ತೇನೆ. ಒಬ್ಬರು ಜೋಸೆಫರು, ಮಾತೆಯ ಗಂಡ. ಬೈಬಲಿನ ಉದ್ದಕ್ಕೂ ಅವರ ಬಾಯಿಂದ ಒಂದೇ ಒಂದು ಮಾತು ಬರೆದಿಲ್ಲ. ಆದರೆ ಈಜಿಪ್ಟಿಗೆ ಕರೆದುಕೊಂಡು ಹೋದವರು ಅವರು. ಮಗ ಕಾಣೆಯಾದಾಗ, ‘ನಿನ್ನ ತಂದೆ ಮತ್ತು ನಾನು’ ಹುಡುಕಿದೆವು ಅಂತ ಮರಿಯಮ್ಮ ಹೇಳುತ್ತಾಳೆ ನೋಡಿ, ತಂದೆಯನ್ನು ಮೊದಲು ಹೇಳಿದಳು. ಏಳು ದುಃಖಗಳಲ್ಲಿ ಮೊದಲ ಮೂರು ಅವರ ದುಃಖವೂ ಹೌದು. ಅವರು ಅತ್ತರೋ ಇಲ್ಲವೋ, ಯಾರೂ ಬರೆದಿಟ್ಟಿಲ್ಲ.

ಇನ್ನಿಬ್ಬರು ಕೊನೆಯಲ್ಲಿ ಬರುತ್ತಾರೆ. ಅರಿಮಥಾಯದ ಜೋಸೆಫ ರೋಮನ್ ಅಧಿಕಾರಿ ಪಿಲಾತನ ಹತ್ತಿರ ಹೋಗಿ ಮೈಯನ್ನು ಕೇಳಿ ತೆಗೆದುಕೊಂಡ. ನಿಕೋದೇಮ ರಕ್ತಬೋಳ ಮತ್ತು ಅಗರುವಿನ ಸುಗಂಧವನ್ನು ಹೊತ್ತು ತಂದ. ಎಷ್ಟು ಗೊತ್ತಾ? ನಮ್ಮ ಲೆಕ್ಕದಲ್ಲಿ ಸುಮಾರು 33 ಕಿಲೋ. ನಿಮ್ಮ ಎರಡು ಟೊಮೇಟೊ ಕ್ರೇಟಿಗಿಂತ ಜಾಸ್ತಿಯೇ ಆಯಿತೇನೋ. ಒಂದು ಮೈಗೆ ಅಷ್ಟು ಬೇಕಿರಲಿಲ್ಲ. ಹೇಳಲು ಮಾತು ಸಿಗದ ಗಂಡಸು ಹೊರಲು ಆಗುವಷ್ಟು ಹೊತ್ತು ತಂದ ಅಂತ ನಾನು ತಿಳಿದುಕೊಂಡಿದ್ದೇನೆ. ಶಿಲುಬೆಯಿಂದ ಇಳಿಸುವ ಪಟಗಳಲ್ಲಿ ಮಗನ ಭುಜ ಹಿಡಿದು, ಕಾಲು ಹಿಡಿದು ತಾಯಿಯ ಮಡಿಲಿಗೆ ಇಡುವವರು ಇವರೇ. ಇವರಿಲ್ಲದಿದ್ದರೆ ಆ ಮಡಿಲಿಗೆ ಮಗ ಬರುತ್ತಿರಲಿಲ್ಲ.

ನನ್ನ ಅಪ್ಪನೂ ಅಳಲಿಲ್ಲ. ಅಣ್ಣ ಹೋದ ಮೇಲೆ ಪ್ರತಿ ಭಾನುವಾರ ಪೂಜೆ ಮುಗಿಸಿ ಬಂದು ಅಣ್ಣನ ಸೈಕಲ್ ಹೊರಗೆ ತೆಗೆಯುತ್ತಿದ್ದರು. ಓಡಿಸುವವರು ಯಾರೂ ಇಲ್ಲ. ಆದರೂ ಚೈನಿಗೆ ಎಣ್ಣೆ ಬಿಟ್ಟು, ಕಡ್ಡಿ ಕಡ್ಡಿ ಒರೆಸಿ, ಒಳಗೆ ಇಡುತ್ತಿದ್ದರು. ಅಮ್ಮನಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಒಂದು ವರ್ಷವೇ ಆಗಿರಬೇಕು, ಒಂದು ಭಾನುವಾರ ಅಮ್ಮ ಹಳೇ ಬಟ್ಟೆ ಹಿಡಿದು ಬಂದು ಇನ್ನೊಂದು ಚಕ್ರದ ಹತ್ತಿರ ಕೂತಳು. ಇಬ್ಬರೂ ಒಂದು ಮಾತೂ ಆಡದೆ ಒರೆಸಿದರು.

ಸಮಾಧಿಯ ಹುಲ್ಲು ಕೀಳಲು ನವೆಂಬರ್ 2ರ ಸತ್ತವರ ಹಬ್ಬದವರೆಗೆ ಕಾಯಬೇಡಿ. ಈ ಭಾನುವಾರವೇ ಹೋಗಿ. ಕುಡುಗೋಲು ನೀವು ಹಿಡಿದುಕೊಳ್ಳಿ, ಒಂದು ಬಿಂದಿಗೆ ನೀರು ತರಲು ಹೆಂಡತಿಯನ್ನು ಕರೆಯಿರಿ. ಕಾಲು ಬರುವುದಿಲ್ಲ ಅಂದಿರಲ್ಲ, ಒಬ್ಬರೇ ಹೋಗುವುದಕ್ಕೆ ಬರುತ್ತಿಲ್ಲ, ಅಷ್ಟೇ.